ಶಟರ್ ಇಲ್ಲದ ಅಂಗಡಿ

ಕೊರಳಲ್ಲಿ ಅಳತೆಯ ಟೇಪಿಲ್ಲದ ಟೇಪಮ್ಮನನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಮದುವೆಮನೆಗೆ ಹೋದರೂ ಅದು ಕೊರಳಲ್ಲಿರುತ್ತಿತ್ತು, ಆಸ್ಪತ್ರೆಗೆ ಹೋದರೂ ಇರುತ್ತಿತ್ತು. ಹೆತ್ತವರಿಟ್ಟ ಹೆಸರು ಯಾವುದೋ ಕಾಗದದಲ್ಲಿ ಉಳಿದಿರಬಹುದು, ಜನರ ಬಾಯಲ್ಲಂತೂ ಉಳಿದಿರಲಿಲ್ಲ. ಕ್ಷೌರದಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಅವಳ ಹೊಲಿಗೆ ಅಂಗಡಿ. ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೊಂದು ಆಳೆತ್ತರದ ಕನ್ನಡಿ, ಹಿಂದಿನ ಗೋಡೆಗೆ ಒರಗಿಸಿದ ಒಂದೇ ಒಂದು ಒಳ್ಳೆಯ ಕುರ್ಚಿ. ಮುಂದುಗಡೆ ಕಬ್ಬಿಣದ ಶಟರು.

ಅಳತೆ ಕೊಡಲು ಬಂದವರು ಅವಳ ಕೈಗೆ ಸಿಕ್ಕರೆ ಮುಗಿಯಿತು. "ನೆಟ್ಟಗೆ ನಿಲ್ಲು. ಕೈ ಎತ್ತು. ತಿರುಗು. ಹೊಟ್ಟೆ ಒಳಗೆ ಎಳ್ಕೋಬೇಡ, ನನ್ನ ಹತ್ರ ನಾಟಕ ಬೇಡ." ದೊಡ್ಡ ಶಾಲೆಯ ಹೆಡ್‌ಮಾಸ್ಟರು ಕೂಡ ಅವಳೆದುರು ಕೈ ಎತ್ತಿ, ಹೇಳಿದ ಕಡೆಗೆ ತಿರುಗಿ ಹೋದವರೇ. ಅಳತೆ ಮುಗಿಯುವಷ್ಟರಲ್ಲಿ ಅವರ ಮಗಳಿಗೆ ಎಂಥ ಗಂಡು ನೋಡಬೇಕು, ಅತ್ತೆಯ ಮಂಡಿನೋವಿಗೆ ಯಾವ ಡಾಕ್ಟರ ಹತ್ತಿರ ಹೋಗಬೇಕು, ಎಲ್ಲಕ್ಕೂ ಒಂದು ತೀರ್ಮಾನ ಕೊಟ್ಟೇ ಕಳಿಸುತ್ತಿದ್ದಳು. ಊರ ಉಸಾಬರಿಯೆಲ್ಲ ಇವಳಿಗೇ ಬೇಕು ಎಂದು ಹಿಂದಿನಿಂದ ಆಡಿಕೊಂಡವರೂ ಕಷ್ಟ ಬಂದಾಗ ಹುಡುಕಿಕೊಂಡು ಬರುತ್ತಿದ್ದದ್ದು ಅವಳನ್ನೇ. ಬಂದವರನ್ನು ಮೊದಲು ಚೆನ್ನಾಗಿ ಬೈಯುತ್ತಿದ್ದಳು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅವರ ಕೆಲಸಕ್ಕೆ ಹೊರಡುತ್ತಿದ್ದಳು.

ಇಂಥವಳ ಮನೆಯಲ್ಲೇ, ಅವಳ ಕೈಗೆ ಬಗ್ಗದ ಒಂದು ಕಷ್ಟ ಬಂದು ಕೂತಿತು.

ಬೀದಿಯ ಕೊನೆಯಲ್ಲಿ ಸಿದ್ಧ ಉಡುಪುಗಳನ್ನು ಮಡಚಿ ಡಬ್ಬಿಗೆ ತುಂಬುವ ಗೋದಾಮಿತ್ತು. ಟೇಪಮ್ಮನ ನಾದಿನಿ ಅಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ರಟ್ಟಿನ ರಾಶಿಗೆ ಬೆಂಕಿ ಹತ್ತಿತು. ದೊಡ್ಡ ಬೆಂಕಿಯೇನಲ್ಲ, ಆದರೆ ಹೊಗೆ ದಟ್ಟವಾಗಿತ್ತು. ಹೆಂಗಸರು ಬಾಗಿಲಿಗೆ ಓಡಿದರೆ ಶಟರಿಗೆ ಹೊರಗಿನಿಂದ ಬೀಗ. ಸರಕು ಕಳುವಾಗಬಾರದೆಂದು ದಿನವೂ ಹಾಗೇ ಹಾಕುತ್ತಿದ್ದರಂತೆ. ಕೀಲಿ ಇದ್ದವನನ್ನು ಹುಡುಕಿ ತರುವ ತನಕ ಅವರು ಒಳಗಿನಿಂದ ಆ ಕಬ್ಬಿಣವನ್ನು ಅಂಗೈ ಒಡೆಯುವಂತೆ ಬಡಿದರು. ಕೊನೆಗೆ ಎಲ್ಲರೂ ಬದುಕಿ ಹೊರಗೆ ಬಂದರು.

ಕಷ್ಟ ಶುರುವಾದದ್ದೇ ಅಲ್ಲಿಂದ. ಯಾರೂ ಸಾಯಲಿಲ್ಲವಲ್ಲ, ಪುಣ್ಯ ಮಾಡಿದ್ದಿರಿ ಎಂದು ಊರೆಲ್ಲ ಹೇಳಿತು. ಅಷ್ಟು ಪುಣ್ಯ ಮಾಡಿದವರು ಭಯವಾಗುತ್ತೆ ಎಂದು ಯಾರ ಹತ್ತಿರ ಹೇಳಿಕೊಳ್ಳಬೇಕು? ಅಣ್ಣ ಅತ್ತಿಗೆಯ ಜೊತೆಗೇ ಇದ್ದ ನಾದಿನಿ, ಅವತ್ತು ಮನೆಗೆ ಬಂದವಳೇ ಹೊಸ್ತಿಲ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತುಬಿಟ್ಟಳು. ಯಾವ ಕೋಣೆಯ ಬಾಗಿಲನ್ನೂ ಮುಚ್ಚಲು ಬಿಡಲಿಲ್ಲ. ಕೆಲಸದ ಮಾತೆತ್ತಿದರೆ ಎದ್ದು ಬೀದಿಗೆ ಹೋಗಿಬಿಡುತ್ತಿದ್ದಳು.

ಎಲ್ಲಕ್ಕಿಂತ ಟೇಪಮ್ಮನಿಗೆ ಸಂಕಟವಾದದ್ದು ಸ್ನಾನದ ವಿಷಯ. ಮೊದಲೆಲ್ಲ ಈ ಹುಡುಗಿ ಬಚ್ಚಲುಮನೆ ಹೊಕ್ಕಳೆಂದರೆ ಹೊರಗೆ ಬರುವ ಮಾತೇ ಇರಲಿಲ್ಲ. ಬಸ್ ಡ್ರೈವರ್ ಆಗಿದ್ದ ಅಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು, "ನದಿಯೇನಾದ್ರೂ ತಂದು ಸುರ್ಕೊಳ್ತಿದ್ದೀಯೇನೇ ಒಳಗೆ? ನನಗೆ ಡ್ಯೂಟಿಗೆ ಹೊತ್ತಾಯ್ತು!" ಎಂದು ಬಾಗಿಲು ಬಡಿಯುತ್ತಿದ್ದ. ಈಗ ಅವಳು ಬಾಗಿಲನ್ನು ಅರ್ಧ ತೆಗೆದಿಟ್ಟೇ, ಎರಡು ಚೊಂಬು ನೀರು ಸುರಿದುಕೊಂಡು, ಮೈ ಒರೆಸದೆ ಓಡಿ ಬರುತ್ತಿದ್ದಳು. ಅಷ್ಟು ಹೊತ್ತೂ ಅತ್ತಿಗೆ ಹೊರಗೆ ಬೆನ್ನು ತಿರುಗಿಸಿ, ಟವೆಲ್ ಹಿಡಿದು ಕಾವಲು ನಿಲ್ಲಬೇಕು. ಅಣ್ಣನನ್ನು ಅದು ಮುಗಿಯುವ ತನಕ ಬೀದಿಗೆ ಕಳಿಸುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ತೊಂದರೆಗೆ ಆಪ್ತ ಸಲಹೆ ಕೊಡುವವರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಜನ ಅವರನ್ನು ಮಾತಿನ ಡಾಕ್ಟರು ಎನ್ನುತ್ತಿದ್ದರು. ಅವರ ಕೋಣೆ ಉದ್ದನೆಯ ಓಣಿಯ ಕೊನೆಯಲ್ಲಿ, ಕಬ್ಬಿಣದ ಬಾಗಿಲಿನ ಹಿಂದೆ. ಗೋದಾಮಿನ ಒಬ್ಬ ಹೆಂಗಸೂ ಆ ಬಾಗಿಲು ದಾಟಿರಲಿಲ್ಲ. ಟೇಪಮ್ಮ ಒಂದು ದಿನ ಸೀದಾ ಒಳಗೆ ನುಗ್ಗಿದಳು.

"ನೀವು ಇಲ್ಲಿ ಕೂತ್ಕೊಂಡು ನೊಣ ಹೊಡೀತಿದ್ದೀರಿ, ನಮ್ಮ ಹುಡುಗೀರು ಅಲ್ಲಿ ಕೂತ್ಕೊಂಡು ಕೊರಗ್ತಿದ್ದಾರೆ. ನೀವೇ ಯಾಕೆ ನಮ್ಮ ಬೀದಿಗೆ ಬರಬಾರದು?"

ಮಾತಿನ ಡಾಕ್ಟರು ಮೆಲುದನಿಯವರು. ಕೋಪ ಮಾಡಿಕೊಳ್ಳಲಿಲ್ಲ. "ಬರ್ತೀನಮ್ಮ. ಒಂದು ಜಾಗ ಬೇಕು. ಅವರು ಆಡೋ ಮಾತು ಹೊರಗಿನವರಿಗೆ ಕೇಳಬಾರದು, ಅಷ್ಟೇ."

"ನನ್ನ ಅಂಗಡಿ ಇದೆ. ಇನ್ನೇನು ಬೇಕು ಹೇಳಿ" ಎಂದು ಟೇಪಮ್ಮ ಅಲ್ಲೇ ಮಾತು ಮುಗಿಸಿದಳು.

ಅಲ್ಲಿಂದ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡಿದಳು. ಕ್ಷೌರದವನಿಗೆ, "ಆ ಹೊತ್ತಿಗೆ ರೇಡಿಯೋ ಜೋರಾಗಿ ಹಾಕು, ಒಳಗಿನ ಮಾತು ಬೀದಿಗೆ ಕೇಳಬಾರದು" ಎಂದಳು. ಚಹಾದಂಗಡಿಯವಳಿಗೆ ಚಹಾ ಕಳಿಸಲು ಹೇಳಿದಳು. ಗೋದಾಮಿನ ಹೆಂಗಸರ ಮನೆಮನೆಗೆ ಹೋಗಿ, "ನಾಳೆ ಮಧ್ಯಾಹ್ನ ಬರ್ತಿದ್ದೀಯ. ನೆಪ ಗಿಪ ಬೇಡ" ಎಂದು ಅಪ್ಪಣೆ ಮಾಡಿದಳು. ಅವಳಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಎಲ್ಲರೂ ಬಂದರು. ನಾದಿನಿಯನ್ನು ಕೈ ಹಿಡಿದು ಕರೆತಂದು, ಇದ್ದುದರಲ್ಲಿ ಒಳ್ಳೆಯ ಕುರ್ಚಿ ಅದೇ ಅಲ್ಲವೇ ಎಂದು, ಹಿಂದಿನ ಗೋಡೆಯ ಹತ್ತಿರ ಕೂರಿಸಿದಳು. ಮಾತಿನ ಡಾಕ್ಟರು ನೆಲದ ಮೇಲೆ ಕೂತು ಚೀಲ ಬಿಚ್ಚುತ್ತಿದ್ದರು. ಇನ್ನು ಹೊರಗಿನವರ ಕಣ್ಣು ಕಿವಿ ಬೀಳದಂತೆ ಮಾಡುವುದೊಂದು ಬಾಕಿ. ಟೇಪಮ್ಮ ಕೊಕ್ಕೆಯ ಕೋಲು ತೆಗೆದುಕೊಂಡು, ದಿನಾ ಸಂಜೆ ಎಳೆಯುವ ಹಾಗೆಯೇ, ಒಂದೇ ಏಟಿಗೆ ಶಟರು ಎಳೆದಳು.

ಧಡಾರ್ ಎಂದು ಅದು ನೆಲಕ್ಕೆ ಬಿತ್ತು. ಒಳಗೆಲ್ಲ ಕತ್ತಲು.

ಯಾರು ಮೊದಲು ಕಿರುಚಿದರೋ ತಿಳಿಯದು. ಒಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು. ಇಬ್ಬರು ಶಟರಿನ ಮೇಲೆ ಬಿದ್ದು ಬಡಿಯತೊಡಗಿದರು. ಅವರ ಭಾರಕ್ಕೆ ಅದು ಸೊಟ್ಟಗಾಗಿ ಕಚ್ಚಿಕೊಂಡಿತು, ಟೇಪಮ್ಮ ಎಷ್ಟು ಎತ್ತಿದರೂ ಏಳಲಿಲ್ಲ. ಹೊರಗೆ ರೇಡಿಯೋ ಅವಳದೇ ಅಪ್ಪಣೆಯಂತೆ ಜೋರಾಗಿ ಹಾಡುತ್ತಿತ್ತು. ಕೊನೆಗೂ ಕ್ಷೌರದವನಿಗೆ ಕೇಳಿಸಿ, ಅವನೂ ಸೈಕಲ್ಲಿನವನೂ ಸೇರಿ ಸನ್ನೆಕೋಲು ಹಾಕಿ ಎತ್ತಿದರು. ಬೆಳಕು ಬಂದಾಗ ನಾದಿನಿ ಕತ್ತರಿಸುವ ಮೇಜಿನ ಕೆಳಗೆ ಮುದುಡಿಕೊಂಡು ಎರಡೂ ಕೈಯಲ್ಲಿ ಮೂಗು ಬಾಯಿ ಮುಚ್ಚಿಕೊಂಡಿದ್ದಳು. ಇಲ್ಲದ ಹೊಗೆಗೆ.

ಆ ದಿನದಿಂದ ನಾದಿನಿ ಅತ್ತಿಗೆಗೆ ಮುಖ ಕೊಟ್ಟು ಮಾತಾಡಲಿಲ್ಲ. ಬಚ್ಚಲುಮನೆಯ ಹತ್ತಿರ ಟವೆಲ್ ಹಿಡಿದು ಬಂದರೆ, "ನೀವು ನಿಲ್ಲೋದು ಬೇಡ" ಎಂದಳು. ಯಾರೂ ನಿಲ್ಲದಿದ್ದರೆ ಅವಳಿಗೆ ಒಳಗೆ ಹೋಗಲಾಗದು. ಹಾಗಾಗಿ ಸ್ನಾನವನ್ನೇ ಬಿಟ್ಟಳು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಕೂತಳು.

ಟೇಪಮ್ಮ ಅಂಗಡಿ ತೆರೆದಳು, ಆದರೆ ಬಾಯಿ ತೆರೆಯಲಿಲ್ಲ. ಬೈಗುಳವಿಲ್ಲದೆ ಬಟ್ಟೆ ಪಡೆದ ಗಿರಾಕಿಗಳು ಗಾಬರಿಯಾಗಿ ಪಕ್ಕದ ಕ್ಷೌರದವನ ಹತ್ತಿರ, ಟೇಪಮ್ಮನಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿ ಹೋದರು. ಮರುವಾರ ಮಾತಿನ ಡಾಕ್ಟರು ಬಂದು ಮೆಟ್ಟಿಲ ಮೇಲೆ ಕೂತಾಗ ಅವಳು ಅವರ ಮುಖ ನೋಡಲಿಲ್ಲ.

"ನಿಮ್ಮೊಬ್ಬರದೇ ತಪ್ಪಲ್ಲಮ್ಮ. ಮೊದಲೇ ಬಂದು ಜಾಗ ನೋಡಬೇಕಾಗಿದ್ದು ನಾನು. ನೋಡಲಿಲ್ಲ."

"ನಾನು ಎಲ್ಲಾ ಯೋಚ್ನೆ ಮಾಡಿದ್ದೆ" ಎಂದಳು ಟೇಪಮ್ಮ. "ಚಹಾಕ್ಕೆ ಎಷ್ಟು ಸಕ್ಕರೆ ಅನ್ನೋದನ್ನೂ."

"ಮಾಡಿದ್ರಿ. ಆದ್ರೆ ಅವರಿಗೆ ಏನು ಬೇಕು ಅಂತ ಅವರನ್ನ ವಿಚಾರಿಸಿದ್ರಾ? ಅವತ್ತು ಗೋದಾಮಿನಲ್ಲಿ ಅವರ ಕೈಲಿ ಏನೂ ಇರಲಿಲ್ಲ ನೋಡಿ. ಬಾಗಿಲೂ ಬೇರೆಯವರದ್ದು, ಕೀಲಿಯೂ ಬೇರೆಯವರದ್ದು. ಈಗ ಒಂದೊಂದಾಗಿ ಅವರ ಕೈಗೆ ವಾಪಸ್ ಬರಬೇಕು."

ಮಾತಿನ ಡಾಕ್ಟರು ಹೋದ ಮೇಲೆ ಟೇಪಮ್ಮನ ಕೈ ಕೊರಳಿನ ಟೇಪಿನ ಮೇಲೆ ಹೋಯಿತು. ಇಷ್ಟು ವರ್ಷ ಸಾವಿರಾರು ಜನರ ಮೈ ಅಳೆದವಳು. ಒಬ್ಬರನ್ನಾದರೂ "ಅಳತೆ ತಗೊಳ್ಳಲಾ?" ಎಂದು ಕೇಳಿ ಟೇಪು ಹಾಕಿದ ನೆನಪು ಅವಳಿಗಿರಲಿಲ್ಲ.

ಈ ವಯಸ್ಸಿನಲ್ಲಿ, ಈ ಬಾಯಿ ಇಟ್ಟುಕೊಂಡು, ಮನುಷ್ಯರು ತಮ್ಮ ಸ್ವಭಾವ ತಿದ್ದಿಕೊಳ್ಳುತ್ತಾರೆಯೇ? ಹೆಚ್ಚಿನವರು ಇಲ್ಲ. ಎರಡು ದಿನ ನೊಂದುಕೊಂಡು, ಮೂರನೆಯ ದಿನ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ. ಟೇಪಮ್ಮ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಅದೇ ಮನೆಗಳಿಗೆ ಹೋದಳು. ಈ ಸಲ ಒಳಗೆ ನುಗ್ಗಲಿಲ್ಲ. ಹೊರಗೆ ನಿಂತು, "ನಿನಗೆ ಹೇಗೆ ಬೇಕು ಅಂತ ಕೇಳೋಣ ಅಂತ ಬಂದೆ. ಹೇಳೋಕೆ ಇಷ್ಟ ಇಲ್ಲದಿದ್ರೆ ಹೋಗ್ತೀನಿ" ಎಂದಳು. ಎರಡು ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಮಿಕ್ಕವರು ಅನುಮಾನದಿಂದಲೇ ಒಂದೊಂದು ಹೇಳಿದರು. ಬೀದಿ ಕಾಣೋ ಕಡೆ ಕೂರಬೇಕು. ಏನಾಯ್ತು ಹೇಳು ಹೇಳು ಅಂತ ಯಾರೂ ಪೀಡಿಸಬಾರದು. ಬೇಕಾದಾಗ ಎದ್ದು ಹೋದರೆ ಯಾಕೆ ಅನ್ನಬಾರದು.

ಕೊನೆಗೆ ತನ್ನದೇ ಮನೆಯ ಹೊಸ್ತಿಲಿಗೆ ಬಂದು, ಚಾಪೆಯ ಪಕ್ಕ ನಿಂತಳು. "ನಿನಗೆ ಏನು ಬೇಕಮ್ಮ?"

ನಾದಿನಿ ತಲೆ ಎತ್ತದೆಯೇ, "ಆ ಶಟರ್ ಅಲ್ಲಿರೋ ತನಕ ನಾನು ಆ ಕಡೆ ತಲೆ ಹಾಕಿಯೂ ಮಲಗಲ್ಲ ಅತ್ತಿಗೆ" ಎಂದಳು.

ಮಾರನೆಯ ದಿನವೇ ವೆಲ್ಡಿಂಗ್‌ನವನು ಬಂದ. "ಯಾವ ಹೊಸ ಶಟರ್ ಹಾಕ್ಬೇಕು?" ಎಂದ. ಯಾವುದೂ ಬೇಡ, ಇದನ್ನು ಕಿತ್ತು ತೆಗೆದುಕೊಂಡು ಹೋಗು ಎಂದಾಗ ಅವನು ಇವಳಿಗೆ ತಲೆ ಕೆಟ್ಟಿದೆಯೇ ಎಂಬಂತೆ ಕ್ಷೌರದವನ ಮುಖ ನೋಡಿದ. ಕ್ಷೌರದವನು, "ಅವರು ಹೇಳಿದಷ್ಟು ಮಾಡಪ್ಪ" ಎಂದ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಬಾಯಿ ತೆರೆದು ನಿಂತಿತ್ತು.

ಮೆಷಿನ್ನುಗಳು, ಗಿರಾಕಿಗಳ ಬಟ್ಟೆಗಳು ಇಷ್ಟೆಲ್ಲವನ್ನೂ ಬಾಗಿಲಿಲ್ಲದ ಅಂಗಡಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಆ ಸಂಜೆ ಕ್ಷೌರದವನು ಬಂದು, ರೇಡಿಯೋ ಜೋರು ಮಾಡಿದ್ದು ತನ್ನ ಎದೆಯಲ್ಲಿ ಚುಚ್ಚುತ್ತಲೇ ಇದೆ ಎಂದ. ಒಂದು ಮೆಷಿನ್ನನ್ನು ಅವುಚಿ ಹಿಡಿದು ಹೊತ್ತೊಯ್ದು ತನ್ನ ಗಿರಾಕಿಗಳ ಕುರ್ಚಿಯ ಮೇಲೆ ಕೂರಿಸಿದ. ಇನ್ನೊಂದು ಸೈಕಲ್ ಅಂಗಡಿಗೆ ಹೋಯಿತು. ಬಟ್ಟೆಯ ಗಂಟುಗಳು ಚಹಾದಂಗಡಿಯವಳ ಅಟ್ಟಕ್ಕೆ ಏರಿದವು. ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆಯಾದರೆ ಬೀದಿಯವರು ಸೇರಿ ಟೇಪಮ್ಮನ ಅಂಗಡಿಯನ್ನು ಹಂಚಿಕೊಂಡು ಹೊರುತ್ತಿದ್ದರು, ಬೆಳಿಗ್ಗೆ ತಂದು ಜೋಡಿಸುತ್ತಿದ್ದರು. ಕೊರಳಿಗೆ ಬಿಳಿಬಟ್ಟೆ ಸುತ್ತಿಸಿಕೊಂಡು, ಕನ್ನಡಿ ನೋಡುತ್ತಾ ಕುರ್ಚಿಯಲ್ಲಿ ಕೂತ ಹೊಲಿಗೆ ಮೆಷಿನ್ನನ್ನು ಕಂಡು, "ಇವರಿಗೆ ಕಟಿಂಗೋ, ಶೇವಿಂಗೋ?" ಎಂದು ಕೇಳದ ಗಿರಾಕಿಯಿಲ್ಲ.

ಶಟರಿದ್ದ ಜಾಗಕ್ಕೆ ಪರದೆ ಬಂತು. ಬಣ್ಣ ಯಾವುದಿರಬೇಕೆಂದು ಟೇಪಮ್ಮ ಹೇಳಲಿಲ್ಲ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಹೆಂಗಸರು ಆರಿಸಿದ ಕುಂಬಳದ ಹೂವಿನ ಬಣ್ಣ ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅದನ್ನೇ ಹೊಲಿದಳು. ಮೊದಲ ವಾರ ಇಬ್ಬರು ಬಂದರು, ಆಮೇಲೆ ಇನ್ನಷ್ಟು ಜನ. ಒಂದು ದಿನ ಮಾತಾಡಿದರು, ಇನ್ನೊಂದು ದಿನ ಸುಮ್ಮನೆ ಗುಂಡಿ ಹೊಲಿದು ಎದ್ದು ಹೋದರು. ಯಾಕೆ ಎಂದು ಯಾರೂ ಅನ್ನಲಿಲ್ಲ.

ಕ್ಷೌರದವನು ತನಗೂ ಒಂದಿಷ್ಟು ಹೇಳಿಕೊಡಿ ಎಂದು ಮಾತಿನ ಡಾಕ್ಟರನ್ನು ಕೇಳಿದ. ಅವನ ಕುರ್ಚಿಯಲ್ಲಿ ಕೂತು ಅಳುವ ಗಂಡಸರೂ ಇದ್ದಾರಂತೆ, ಕತ್ತರಿ ಹಿಡಿದುಕೊಂಡು ಏನು ಹೇಳಬೇಕೋ ತಿಳಿಯದಂತೆ. ಹಾಗೆ ಶುರುವಾದ ಭಾನುವಾರದ ಪಾಠಕ್ಕೆ ಶಾಲೆಯ ಟೀಚರು ಬಂದರು, ಆಸ್ಪತ್ರೆಯ ನರ್ಸು ಬಂದಳು, ಟೇಪಮ್ಮನ ಗಂಡನೂ ಬಂದ. ಹೆದರಿದವರಿಗೆ ಬಸ್ಸಿನ ಬಾಗಿಲ ಪಕ್ಕದ ಸೀಟು ಬಿಡಿಸಿಕೊಡುವುದು ಅವನ ಕೆಲಸವಾಯಿತು. ಆಸ್ಪತ್ರೆಯವರು ಮಾತಿನ ಡಾಕ್ಟರಿಗೆ ಓಣಿಯ ಕೊನೆಯ ಕೋಣೆಯ ಬದಲು, ಅಂಗಳದ ಕಡೆ ಎರಡು ಬಾಗಿಲಿರುವ ಕೋಣೆ ಕೊಟ್ಟರು. ಗಿರಾಕಿಗಳು ಮಾತ್ರ ಇನ್ನೂ ಸುಧಾರಿಸಿಕೊಂಡಿರಲಿಲ್ಲ. "ಅಳತೆ ತಗೊಳ್ಳಲಾ? ಟೇಪು ಭುಜದ ಮೇಲೆ ಹಾಕ್ತಿದ್ದೀನಿ" ಎಂದು ಟೇಪಮ್ಮ ಕೇಳಿದಾಗ ಹೆಡ್‌ಮಾಸ್ಟರು, "ಯಾಕಮ್ಮ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಬೆವರಿದರು.

ನಾದಿನಿ? ಅವಳು ಮೊದಲು ಎದುರು ಬದಿಯ ಕಟ್ಟೆಯ ಮೇಲೆ ಕೂತು ಆ ಕುಂಬಳದ ಹೂವಿನ ಪರದೆಯನ್ನು ನೋಡಿಕೊಂಡು ಹೋದಳು. ಆಮೇಲೆ ಮೆಟ್ಟಿಲವರೆಗೆ ಬಂದಳು. ಟೇಪಮ್ಮ ಒಳಗೆ ಬಾ ಎನ್ನಲಿಲ್ಲ. ಹಾಗೆ ಅನ್ನದೆ ಇರುವುದು ಅವಳಿಗೆಷ್ಟು ಕಷ್ಟವಾಯಿತೆಂಬುದನ್ನು ಕಂಡವರೇ ಬಲ್ಲರು, ತುಟಿ ಕಚ್ಚಿಕೊಂಡು ದಾರ ಪೋಣಿಸುತ್ತಿದ್ದಳು. ಮಳೆ ಹನಿದ ಒಂದು ದಿನ ನಾದಿನಿ ತಾನಾಗಿ ಎದ್ದು ಒಳಗೆ ಬಂದು, ಬೀದಿ ಕಾಣುವ ಮೂಲೆಯಲ್ಲಿ ಕೂತಳು. ಸ್ನಾನಕ್ಕೆ ಮತ್ತೆ ಅತ್ತಿಗೆಯನ್ನು ಕರೆಯತೊಡಗಿದಳು. ಅರ್ಧ ಬಾಗಿಲು, ಎರಡು ಚೊಂಬು ನೀರು.

ಆಮೇಲೊಂದು ಬೆಳಿಗ್ಗೆ. ಟೇಪಮ್ಮ ಎಂದಿನಂತೆ ಟವೆಲ್ ಹಿಡಿದು, ಬೆನ್ನು ತಿರುಗಿಸಿ ನಿಂತಿದ್ದಳು. ಹಿಂದೆ ಬಾಗಿಲು ಕಿರ್ ಎಂದಿತು. ಪೂರ್ತಿ ಮುಚ್ಚಿಕೊಂಡಿತು. ಆಮೇಲೆ ಟಕ್ ಎಂದು ಒಳಗಿನ ಚಿಲಕ ಬಿತ್ತು.

ಟೇಪಮ್ಮ ಎಣಿಸತೊಡಗಿದಳು. ಒಂದು ಚೊಂಬು, ಎರಡು ಚೊಂಬು, ಮೂರು. ನೀರು ಸುರಿಯುತ್ತಲೇ ಇತ್ತು.

"ಅತ್ತಿಗೆ, ಇನ್ನೂ ಅಲ್ಲೇ ನಿಂತಿದ್ದೀರಾ?" ಒಳಗಿನಿಂದ ದನಿ ಬಂತು. "ಟವೆಲ್ ತಂತಿ ಮೇಲೆ ಹಾಕಿ ಹೋಗಿ. ನನಗಿನ್ನೂ ತುಂಬಾ ಹೊತ್ತು ಹಿಡಿಯುತ್ತೆ."

ಟೇಪಮ್ಮ ಕೈಯಲ್ಲಿದ್ದ ಟವೆಲ್ಲಿಗೇ ಮುಖ ಒತ್ತಿಕೊಂಡು ಅತ್ತಳು. ಬೀದಿಯಲ್ಲಿ ಕಾದು ಕಾದು ಸಾಕಾಗಿ ಗಂಡ ಒಳಗೆ ಬಂದ. ಮುಚ್ಚಿದ ಬಾಗಿಲು ನೋಡಿದ ಕೂಡಲೇ, ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ, ಬಡಿಯಲು ಕೈ ಎತ್ತಿದ. ಟೇಪಮ್ಮ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಅವನು ಹೆಂಡತಿಯ ಮುಖ ನೋಡಿದ, ಚಿಲಕದ ಕಡೆ ನೋಡಿದ, ನೀರಿನ ಸದ್ದು ಕೇಳಿಸಿಕೊಂಡ. ಆಮೇಲೆ ಅಂಗಳದ ನಲ್ಲಿಯಲ್ಲಿ ಮುಖಕ್ಕಷ್ಟು ನೀರು ಚಿಮುಕಿಸಿಕೊಂಡು, ಸ್ನಾನವಿಲ್ಲದೆ ಡ್ಯೂಟಿಗೆ ಹೋದ.