ಡ್ರಾಯಿಂಗ್ ಮಿಸ್ಸಿನ ರಣಹದ್ದು

ಮೊನ್ನೆ ಸಂಜೆ ರಾಮನಗರದ ಬಸ್ ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಹುಳಿ ಹೊಗೆ ಮೂಗಿಗೆ ಬಡಿಯಿತು. ಸುತ್ತ ನಿಂತವರಿಗೆ ಬಾಯಲ್ಲಿ ನೀರೂರಿರಬೇಕು. ನನಗೆ ಮಾತ್ರ ತಾಮ್ರದ ಒಂದು ಪುಟ್ಟ ಬಿಲ್ಲೆ, ಹಳೆಯ ಟೂತ್ ಬ್ರಷ್ಷು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಡ್ರಾಯಿಂಗ್ ಮಿಸ್ಸು ಕಣ್ಣ ಮುಂದೆ ಬಂದರು. ತಟ್ಟೆ ಕೈಯಲ್ಲೇ ತಣ್ಣಗಾಯಿತು.

ಹೈಸ್ಕೂಲಿನಲ್ಲಿ ನನಗೆ ಚಿತ್ರ ಬರೆಯಲು ಕಲಿಸಿದವರು ಅವರು. ಕಲಿಸಿದರು ಅನ್ನುವುದಕ್ಕಿಂತ ಕಲಿಸಲು ಪಾಡು ಪಟ್ಟರು ಅನ್ನಬೇಕು. ನನಗೆ ಗೆರೆ ಬರಲಿಲ್ಲ. ನಾನು ಕಂಪ್ಯೂಟರ್ ರಿಪೇರಿ ಕಲಿತು ಪೇಟೆಯಲ್ಲಿ ಅಂಗಡಿ ಇಟ್ಟೆ. ಮಿಸ್ಸು ರಿಟೈರಾದ ಮೇಲೆ ಒಂದು ದಿನ ಅಂಗಡಿಗೇ ಬಂದು, ಕಂಪ್ಯೂಟರಿನಲ್ಲಿ ಹಕ್ಕಿ ಹಾರಿಸಬೇಕು, ಅದಕ್ಕೆ ತಕ್ಕ ಮಿಷನ್ನು ಕಟ್ಟಿಕೊಡು ಅಂದರು. ರಾಮದೇವರ ಬೆಟ್ಟದ ರಣಹದ್ದುಗಳನ್ನು ಅವರು ಚಿಕ್ಕಂದಿನಿಂದ ಬರೆಯುತ್ತಿದ್ದರು. ಅವರ ಊರು ಕೂಟಗಲ್ ಕಡೆ, ಹೊಲದಲ್ಲಿ ನಿಂತರೆ ಆಗೆಲ್ಲ ತಲೆ ಮೇಲೆ ಸುತ್ತು ಹೊಡೆಯುತ್ತಿದ್ದವಂತೆ. ಈಗ ಬೆಟ್ಟದಲ್ಲೇ ಕಾಣುವುದು ಅಪರೂಪ. ಕಾಗದದ ಮೇಲೆ ಹದ್ದು ಹಾರುವುದಿಲ್ಲ ಅನ್ನುವುದು ಅವರ ತಕರಾರು. ಅರವತ್ತು ದಾಟಿದ ಮೇಲೆ ಅನಿಮೇಷನ್ ಕಲಿತಿದ್ದರು.

ಆತುರಕ್ಕೆ ಇನ್ನೊಂದು ಕಾರಣವೂ ಇತ್ತು. ಗ್ಲಾಕೋಮ. ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತಾ ಬರುತ್ತಿತ್ತು. ಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಕಣ್ಣು ಇನ್ನೊಸಿ ದಿನ ಐತೆ ಅಷ್ಟೆ ಕಣೇ. ಅದ್ರೊಳಗೆ ಹಾರ್ಬೇಕು ಅದು" ಅಂದಿದ್ದರು, ಬಸ್ಸಿಗೆ ಹೊತ್ತಾಯಿತು ಅನ್ನುವ ದನಿಯಲ್ಲಿ.

ಅವರ ಕೋಣೆಗೆ ಶೀಟಿನ ಚಾವಣಿ. ಬೇಸಗೆಯಲ್ಲಿ ಬರೀ ಫ್ಯಾನು ಸಾಲದು ಎಂದು ನಾನು ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಮಾಡಿಕೊಟ್ಟೆ. ಕಾರಿನಲ್ಲಿ ಇರುವಂಥದ್ದೇ ಏರ್ಪಾಡು. ಲೆಕ್ಕವೆಲ್ಲ ಮಾಡುವ ಪ್ರೊಸೆಸರಿನ ಮೇಲೆ ತಾಮ್ರದ ಬಿಲ್ಲೆ ಕೂರುತ್ತದೆ, ಅದರೊಳಗೆ ನೀರು ಹರಿದು ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಆರಿ ಪಂಪಿನ ಮೂಲಕ ವಾಪಸ್ ಬರುತ್ತದೆ. ಪೈಪುಗಳು ಪಾರದರ್ಶಕ. ಬಣ್ಣವಿಲ್ಲದ ನೀರು ಮಿಸ್ಸಿಗೆ ಒಪ್ಪಿಗೆಯಾಗಲಿಲ್ಲ. ಹುಡುಕಿ ಹುಡುಕಿ ದಟ್ಟ ಕೆಂಪಿನ ದ್ರವ ತರಿಸಿದರು. ಓಡಲು ಶುರುವಾದಾಗ ಕುಂಕುಮ ಕದಡಿದ ಹಾಗೆ ಚೆನ್ನಾಗಿಯೇ ಕಂಡಿತು…

ಬೇಸಗೆ ಬರುವ ಹೊತ್ತಿಗೆ ಹದ್ದಿಗೆ ಗರಿ ಮೂಡಿತ್ತು. ಒಂದೊಂದು ಗರಿಯ ಮೇಲೂ ಬಿಸಿಲು ಹೇಗೆ ಬೀಳುತ್ತದೆಂದು ಯಂತ್ರ ಲೆಕ್ಕ ಹಾಕಬೇಕು, ದಿನಗಟ್ಟಲೆ ಹಿಡಿಯುವ ಕೆಲಸ. ಅರ್ಧಕ್ಕೆ ಬಂದಾಗ ಕಂಪ್ಯೂಟರು ತಾನೇ ಆಫ್ ಆಗತೊಡಗಿತು. ಹೋಗಿ ನೋಡಿದರೆ ಪ್ರೊಸೆಸರಿನ ಶಾಖ ನೂರು ಡಿಗ್ರಿಯ ಹತ್ತಿರ.

ಸೆಕೆಯ ದೋಷ ಅಂದುಕೊಂಡೆ. ರೇಡಿಯೇಟರಿನ ಧೂಳು ಊದಿದೆ, ಫ್ಯಾನುಗಳ ದಿಕ್ಕು ನೋಡಿದೆ. ಮತ್ತೆ ಆಫ್ ಆಯಿತು. ಬಿಲ್ಲೆ ಬಿಚ್ಚಿ ಪ್ರೊಸೆಸರಿನ ಮೇಲಿನ, ಶಾಖ ದಾಟಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿ, ನಾಲ್ಕು ಸ್ಕ್ರೂಗಳನ್ನೂ ಸಮನಾಗಿ ಬಿಗಿದೆ. ಒಂದು ಮಧ್ಯಾಹ್ನ ತಡೆಯಿತು, ಆಮೇಲೆ ಅದೇ ಕಥೆ. ನೀರಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದೆಂದು ಕಂಪ್ಯೂಟರಿನ ಡಬ್ಬವನ್ನು ಆ ಕಡೆ ಈ ಕಡೆ ವಾಲಿಸಿದೆವು. ಮಿಸ್ಸು ಒಂದು ತುದಿ, ನಾನು ಒಂದು ತುದಿ. ಗುಳುಗುಳು ಎಂದು ಗುಳ್ಳೆ ಹೊರಟವು. ಶಾಖ ಇಳಿಯಲಿಲ್ಲ.

ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲಿಗೆ ಹೋಗುವರು, ಬರುವರು, ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುವರು, ಆಮೇಲೆ ಇನ್ನೊಂದು. ನಿನ್ನೆ ಕಂಡದ್ದು ಇವತ್ತು ಕಾಣುತ್ತದೋ ಇಲ್ಲವೋ ಎಂದು ಪರೀಕ್ಷೆ. ನಾನು ಸ್ಕ್ರೂ ತಿರುಗಿಸುವಾಗ ಅದು ಗೊತ್ತಾಗುತ್ತಿತ್ತು. ಬೇರೆ ಗಿರಾಕಿಗಳ ಕೆಲಸವೆಲ್ಲ ಹಾಗೇ ಬಿದ್ದಿತ್ತು. ಹೊಸ ಪಂಪು ತಂದು ಹಾಕಿದೆ. ಅದೂ ಹಳೆಯದರಂತೆ ಗೊರ್ ಎಂದಿತೇ ಹೊರತು ಏನೂ ಬದಲಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಸುಮ್ಮನೆ ರೇಡಿಯೇಟರಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಒಳಗೆ ಪ್ರೊಸೆಸರು ಬೇಯುತ್ತಿದೆ, ಬಿಸಿ ಬಂದು ಸೇರಬೇಕಾದ ರೇಡಿಯೇಟರು ಬಾವಿಕಟ್ಟೆಯ ಹಾಗೆ ತಣ್ಣಗಿದೆ. ಅಂದರೆ ಶಾಖ ನೀರಿಗೆ ಸೇರುತ್ತಲೇ ಇಲ್ಲ, ಇಲ್ಲವೇ ನೀರು ಹರಿಯುತ್ತಿಲ್ಲ. ದ್ರವ ಬಸಿದು, ಈ ಸಲ ತಾಮ್ರದ ಬಿಲ್ಲೆಯನ್ನೇ ಎರಡು ಹೋಳಾಗಿ ಬಿಚ್ಚಿದೆ. ಒಳಗಿನ ಕೂದಲೆಳೆ ಸಂದುಗಳ ತುಂಬ ಕೆಂಪು ಕೆಸರು ಮೆತ್ತಿಕೊಂಡಿತ್ತು. ಬಣ್ಣದ ಗಷ್ಟೆಲ್ಲ ಅಲ್ಲಿ ಬಂದು ಕೂತಿತ್ತು. ಹೊರಗೆ ಪೈಪಿನ ತುಂಬ ಕೆಂಪು ಕಾಣುತ್ತಿದ್ದದ್ದರಿಂದ ಹರಿಯುತ್ತಿದೆಯೋ ನಿಂತಿದೆಯೋ ನಮಗೆ ಗೊತ್ತಾಗಿರಲಿಲ್ಲ.

ಮಿಸ್ಸು ಅದನ್ನು ಮುಖದ ಹತ್ತಿರ ಹಿಡಿದು ನೋಡಿದರು. ಬಣ್ಣದ ಹುಚ್ಚು ತಮ್ಮದೇ ಎಂದು ನಕ್ಕು, ಅಡುಗೆಮನೆಯಿಂದ ವಿನೆಗರ್ ತಂದರು. ನೀರು ಬೆರೆಸಿದ ವಿನೆಗರಿನಲ್ಲಿ ಬಿಲ್ಲೆ ನೆನೆಸಿ ಹಳೆಯ ಟೂತ್ ಬ್ರಷ್ಷಿನಿಂದ ಮೆತ್ತಗೆ ಉಜ್ಜಿದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಎಲ್ಲವನ್ನೂ ತೊಳೆದು, ಅದೇ ನೀರನ್ನು ತುಂಬಿ, ಪೈಪಿನ ಕೀಲುಗಳ ಕೆಳಗೆ ಟಿಶ್ಯೂ ಕಾಗದ ಹಾಸಿ ಸೋರುತ್ತದೇನೋ ಎಂದು ಕಾದೆವು. ಸೋರಲಿಲ್ಲ. ಕೆಲಸ ಹಚ್ಚಿದಾಗ ಶಾಖ ಅರವತ್ತರ ಆಸುಪಾಸಿಗೆ ಇಳಿದು ಅಲ್ಲೇ ನಿಂತಿತು.

ಕೊನೆಗೂ ಹದ್ದು ಹಾರಿತು. ಮಿಸ್ಸು ಪರದೆಗೆ ಮೂಗು ತಾಗಿಸಿ, ತಲೆಯನ್ನು ಹಕ್ಕಿಯ ಜೊತೆ ಸರಿಸುತ್ತಾ ನೋಡಿದರು. ನಾನು ಮೆಚ್ಚುಗೆಗೆ ಕಾದೆ.

"ಇದು ಹದ್ದಲ್ಲ ಕಣೇ, ಛತ್ರಿ" ಅಂದರು.

ರೆಕ್ಕೆಯ ತುದಿಯಲ್ಲಿ ಗರಿಗಳು ಬೆರಳು ಬಿಡಿಸಿದ ಹಾಗೆ ಬಿಡಿಯಾಗಬೇಕಿತ್ತು. ತಿದ್ದಲು ಕೂತೆವು. ಮಳೆಗಾಲ ಕಳೆಯುವ ಹೊತ್ತಿಗೆ ಅವರಿಗೆ ಬೆಳಕು ಕತ್ತಲು ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ. ಅವರು ಹೇಳುವುದು, ನಾನು ಮಾಡುವುದು. ಗೆರೆ ಬಾರದ ನನ್ನ ಕೈಯಲ್ಲೇ ಗರಿ ಅಲುಗಬೇಕಾಯಿತು. ಒಂದು ದಿನ ಈಗ ಸರಿಯಾಗಿದೆ ಮಿಸ್ ಅಂದೆ. ಅವರು ಕೇಳಿದರು.

"ನೀನ್ ನೋಡಿದ್ದೀಯೇನೇ, ನಿಜವಾದ್ನ?"

ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವಳು ನಾನು. ನೋಡಿರಲಿಲ್ಲ…

ಚಳಿ ಶುರುವಾದ ಮೇಲೆ, ಅಂಗಡಿ ಮುಚ್ಚಿ ಬೆಟ್ಟಕ್ಕೆ ಹೋದೆ. ಒಂದಿಷ್ಟು ದಿನ ಏನೂ ಕಾಣದೆ ವಾಪಸ್ ಬಂದೆ. ಆಮೇಲೊಂದು ಬೆಳಿಗ್ಗೆ ಬಂಡೆಯ ಅಂಚಿನಿಂದ ಒಂದು ಹಕ್ಕಿ ಜಾರಿ ಗಾಳಿಗೆ ಬಿತ್ತು. ರೆಕ್ಕೆ ಬಡಿಯಲೇ ಇಲ್ಲ. ಅಲ್ಲಿಂದಲೇ ಫೋನ್ ಮಾಡಿದೆ.

"ನಮ್ದು ಇನ್ನೂ ಸರಿ ಇಲ್ಲ ಮಿಸ್. ನಮ್ಮ ಹದ್ದು ಮೈಯೆಲ್ಲ ತಿರುಗಿಸ್ತೈತೆ. ಇದು ಬಾಲ ಒಸಿ ಓರೆ ಮಾಡ್ತು, ಅಷ್ಟೆ. ತಿರುಗ್ಬುಡ್ತು."

ಹೇಳಿಬಿಟ್ಟ ಮೇಲೆ ಬೇಜಾರಾದರೋ ಎಂದು ಹೆದರಿದೆ.

"ಬಾಲ..." ಅಂದರು. "ಅಷ್ಟ್ ವರ್ಷ ಬರ್ದೆ, ಬಾಲ ನಾನು ನೋಡೇ ಇರ್ನಿಲ್ಲ ಕಣೇ. ಬಾ, ಬೇಗ ಬಾ, ಮಾಡೋಣ."

ಆ ದನಿಯಲ್ಲಿದ್ದ ಸಡಗರ ನನಗಿನ್ನೂ ನೆನಪಿದೆ. ಆದರೆ ಕೆಲಸ ಹಿಡಿಯುವ ಮೊದಲೇ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಅವರ ತಮ್ಮ ಬಂದು ಕನಕಪುರಕ್ಕೆ ಕರೆದುಕೊಂಡು ಹೋದರು. ಫೋನಿನಲ್ಲಿ ಬಾಲ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಲೇ ಇದ್ದರು. ಆಮೇಲೆ ಜ್ವರ ಬಂತು, ಎದೆಗಿಳಿಯಿತು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು.

ಮಿಷನ್ನು ನೀನೇ ಇಟ್ಟುಕೊ ಎಂದು ತಮ್ಮ ಕಳಿಸಿಕೊಟ್ಟರು. ಈಗದು ನನ್ನ ಅಂಗಡಿಯ ಒಳಕೋಣೆಯಲ್ಲಿದೆ. ಹೋದ ತಿಂಗಳು ಬಾಲದ ಕೆಲಸ ಮುಗಿಸಿದೆ. ಹದ್ದು ಬಂಡೆಯಿಂದ ಜಾರುತ್ತದೆ, ಬಾಲ ಓರೆ ಮಾಡಿ ತಿರುಗುತ್ತದೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನನಗೆ ಮಾತ್ರ ಎಲ್ಲೋ ಒಂದು ಕಡೆ ಇನ್ನೂ ತಪ್ಪಿದೆ ಅನ್ನಿಸುತ್ತದೆ. ಎಲ್ಲಿ ಎಂದು ಹೇಳುವವರು ಇಲ್ಲ…