ಆಸಿಡ್ಡಿನ ಊಟ

ನಿನ್ನೆ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಹತ್ತೊಂಬತ್ತನೇ ಶತಮಾನದ ಅಪರೂಪದ ಎಚ್ಚಿಂಗ್ ಒಂದಿತ್ತು. ಯಾವುದೋ ದೂರದ ನಗರ, ಕುಸುರಿ ತುಂಬಿದ ಕಮಾನು, ಗೋಪುರ, ಬಾಲ್ಕನಿ. ತಾಮ್ರದ ತಗಡನ್ನು ಆಸಿಡ್ಡಿನಲ್ಲಿ ಅದ್ದಿ ಗೆರೆ ಮೂಡಿಸಿದ್ದು ಎಂದು ಪಕ್ಕದ ಚೀಟಿಯಲ್ಲಿ ಬರೆದಿತ್ತು. ಓದಿದ್ದೇ ತಡ, ಕಾಮಾಕ್ಷಿಪಾಳ್ಯದ ಶೆಡ್ಡಿನ ಘಾಟು ಮೂಗಿಗೆ ಬಡಿಯಿತು.

ಅಪ್ಪ ಅಲ್ಲಿ ಹಿತ್ತಾಳೆಯ ನೇಮ್‌ಪ್ಲೇಟ್ ಮಾಡುತ್ತಿದ್ದರು. ತಗಡಿಗೆ ಮೇಣ ಬಳಿದು, ಅಕ್ಷರದಷ್ಟು ಜಾಗ ಕೆರೆದು, ಆಸಿಡ್ಡಿನ ಟ್ರೇಯಲ್ಲಿ ಮುಳುಗಿಸುತ್ತಿದ್ದರು. ಕೆರೆದಲ್ಲೆಲ್ಲ ಆಸಿಡ್ ಲೋಹವನ್ನು ತಿನ್ನುತ್ತಿತ್ತು. ಅದಕ್ಕೆ ಶೆಡ್ಡಿನವರ ಮಾತು ‘ಊಟಕ್ಕೆ ಹಾಕೋದು’. ಅಪ್ಪ ಕೋಳಿಗರಿಯಿಂದ ಗುಳ್ಳೆ ಸರಿಸುತ್ತಾ ಟ್ರೇಯಿಂದ ಏಳುವ ಕಂದು ಹೊಗೆಯ ಮೇಲೆ ಬಗ್ಗಿಯೇ ನಿಂತಿರುತ್ತಿದ್ದರು. ಮಾಸ್ಕ್ ಅನ್ನುವ ಮಾತನ್ನೇ ಶೆಡ್ಡಿನ ಮಾಲೀಕ ಕೇಳಿರಲಿಲ್ಲ, ಕೇಳಿದ್ದರೂ ಕೊಡಿಸುವ ಪೈಕಿಯವನಲ್ಲ. ನಾನು ಹತ್ತಿರ ಹೋದರೆ ಮಾತ್ರ ಅಪ್ಪ ಗದರುತ್ತಿದ್ದರು: “ಬಾಗಿಲ ಹತ್ರ ನಿಂತ್ಕೋ ಪುಟ್ಟಿ, ಮೂಗು ಮುಚ್ಕೋ.”

ಮಧ್ಯಾಹ್ನ ಅಮ್ಮ ಡಬ್ಬಿ ತಂದು ಕರೆಯುತ್ತಿದ್ದಳು. “ಮುದ್ದೆ ಆರೋಗುತ್ತೆ, ಬನ್ರೀ.”

“ಇರೇ, ಅದರ ಊಟ ಮುಗೀಲಿ.”

ಅಪ್ಪನಿಗೆ ಕೆಮ್ಮು ಹತ್ತಿದ್ದು ಯಾವಾಗಲೋ. ಶ್ವಾಸಕೋಶ ಪೂರ್ತಿ ಹೋಗಿದೆ ಎಂದರು ಡಾಕ್ಟರು. ಕೊನೆಗೆ ಅಮ್ಮ ಗಂಜಿ ಹಿಡಿದು, “ಎರಡು ಗುಟುಕು ಕುಡೀರಿ” ಎಂದು ಗೋಗರೆದಾಗ, ಅಪ್ಪ ಎದೆ ಮುಟ್ಟಿಕೊಂಡು ನಕ್ಕರು.

“ಅದರ ಊಟ ಇನ್ನೂ ಮುಗಿದಿಲ್ಲ ಕಣೇ.”

ನಿನ್ನೆ ಪ್ರದರ್ಶನದಲ್ಲಿ ಆ ಎಚ್ಚಿಂಗ್ ಮುಂದಿದ್ದ ಹುಡುಗಿಯೊಬ್ಬಳು ಕರೆದಳು: “ಹತ್ರ ಬಂದು ನೋಡಿ ಆಂಟಿ, ಎಷ್ಟು ಚೆನ್ನಾಗಿದೆ!”

ನಾನು ಆಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ.