ಬಾಗಿಲ ಮುಂದಿನ ಪೋಲೆಂಡ್

ರಂಗೋಲಿ ಡಬ್ಬಿ ಕೈಗೆತ್ತಿಕೊಂಡಾಗಲೆಲ್ಲ ನನಗೆ ಯುರೋಪು ನೆನಪಾಗುತ್ತದೆ ಎಂದರೆ ನೀವು ನಗುತ್ತೀರಿ. ಐವತ್ತರ ದಶಕದಲ್ಲಿ ಯಶವಂತಪುರದ ನಮ್ಮ ಮನೆಯ ಅಂಗಳ ನೋಡಿದ್ದರೆ ನಗುತ್ತಿರಲಿಲ್ಲ. ಬಿ.ಎ. ಓದುತ್ತಿದ್ದ ನಮ್ಮಕ್ಕ ಸರೋಜ, ಆಧುನಿಕ ಯುರೋಪಿನ ಚರಿತ್ರೆ ತಲೆಗೆ ಹತ್ತಲೆಂದು, ಸಾರಿಸಿದ ನೆಲದ ಮೇಲೆ ಬಳ್ಳಿ, ಕಮಲಗಳ ಬದಲು ದೇಶಗಳ ಗಡಿ ಎಳೆಯುತ್ತಿದ್ದಳು. ಇಂದು ತುಳಸಿಕಟ್ಟೆಯವರೆಗೂ ಹಬ್ಬಿದ ಫ್ರಾನ್ಸಿನ ಸಾಮ್ರಾಜ್ಯ ನಾಳೆ ಅಮ್ಮನ ಪೊರಕೆಗೆ ಸಿಕ್ಕಿ ಮಾಯವಾಗಿ, ಅಲ್ಲೇ ಯುದ್ಧ ಮುಗಿದ ಮೇಲೆ ವಿಯೆನ್ನಾದಲ್ಲಿ ಸಭೆ ಸೇರಿದ ದೊರೆಗಳು ಹಂಚಿಕೊಂಡ ಹೊಸ ಎಲ್ಲೆಗಳು ಮೂಡುತ್ತಿದ್ದವು.

“ಲಕ್ಷ್ಮಿ ಬರೋ ಬಾಗ್ಲಲ್ಲಿ ಇದೇನೇ ಹರಕು ಬಟ್ಟೆ ಹರವಿದ ಹಾಗೆ?” ಎಂದು ಅಮ್ಮ ಗೊಣಗುತ್ತಿದ್ದಳು. ಅಕ್ಕ ಮುಂದಿನ ಗಡಿ ಎಳೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಪೋಲೆಂಡನ್ನು ಅಂಗೈಯಿಂದ ಒರೆಸಿಬಿಟ್ಟಳು. ಸುತ್ತಲ ಮೂರು ದೊಡ್ಡ ರಾಜ್ಯಗಳು ಅದನ್ನು ಹಂಚಿಕೊಂಡವಂತೆ.

“ಆ ಜನ ಏನ್ ಮಾಡಿದ್ರಕ್ಕ?”

“ಮರೀಲಿಲ್ಲ ಕಣೆ. ನೂರು ವರ್ಷಕ್ಕೂ ಜಾಸ್ತಿ ನಕ್ಷೆಯಲ್ಲೇ ಇರ್ಲಿಲ್ಲ. ಆದ್ರೂ ವಾಪಸ್ ಬಂತು.”

ಪರೀಕ್ಷೆಗೆ ಮೂರು ವಾರವಿದೆ ಎನ್ನುವಾಗ ಕೆಂಪಾಪುರದಿಂದ ಗಂಡಿನ ಕಡೆಯವರು ಬಂದು, ಮುಹೂರ್ತ ಬೇಗ ಆಗಬೇಕೆಂದರು. “ಪರೀಕ್ಷೆ ಮುಂದಿನ ವರ್ಷ ಬರೆದ್ರಾಯ್ತಮ್ಮ” ಎಂದರು ಅಪ್ಪ. ಅಪ್ಪ, ಅಮ್ಮ, ಬೀಗರು ಜಮಖಾನದ ಮೇಲೆ ಕೂತು ಅವಳ ಮುಂದಿನ ದಿನಗಳನ್ನು ಹಂಚಿಕೊಂಡರು, ಅವಳನ್ನೊಂದು ಮಾತು ಕೇಳಲಿಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಆ ಮುಂದಿನ ವರ್ಷ ಬರಲೇ ಇಲ್ಲ. ಎರಡು ಮಕ್ಕಳಾದವು. ಹೆಬ್ಬಾಳದ ಕೆರೆ ದಾಟಿದರೆ ಅವಳ ಮನೆ. ಹೋದಾಗಲೆಲ್ಲ ಕಾಫಿ ಕೊಟ್ಟು, ತೊಗರಿಬೇಳೆಯ ಬೆಲೆಯ ಮಾತಾಡುತ್ತಿದ್ದಳು. ಎದುರಿಗೆ ಅವಳೇ ಕೂತಿದ್ದರೂ ನಾನು ಆ ಹಳೆಯ ಅಕ್ಕನಿಗಾಗಿ ಹಂಬಲಿಸುತ್ತಿದ್ದೆ.

ಆರು ವರ್ಷ ಹೀಗೇ ಕಳೆದ ಮೇಲೆ, ಗೌರಿಹಬ್ಬಕ್ಕೆ ಅವಳು ತವರಿಗೆ ಬಂದಳು. ಹಬ್ಬದ ಬೆಳಿಗ್ಗೆ, ಅವಳು ಏಳುವ ಮೊದಲೇ, ನನಗೆ ನೆನಪಿದ್ದಷ್ಟು ಯುರೋಪನ್ನು ಅಂಗಳದಲ್ಲಿ ಎಳೆದೆ. ಜರ್ಮನಿಗೂ ರಷ್ಯಾಕ್ಕೂ ನಡುವೆ ಬೇಕೆಂತಲೇ ಜಾಗ ಖಾಲಿ ಬಿಟ್ಟೆ.

ಅಕ್ಕ ಹೊಸಿಲು ದಾಟಿ ಬಂದು ಆ ಖಾಲಿ ಜಾಗ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕೂತು, ಒಂದು ಚಿಟಿಕೆ ಪುಡಿ ತೆಗೆದುಕೊಂಡು, ಎಲ್ಲೂ ತಡವರಿಸದೆ ಪೋಲೆಂಡಿನ ಗಡಿಯನ್ನು ಎಳೆದು ಮುಗಿಸಿದಳು. ಕೈ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದಳು:

“ಪರೀಕ್ಷೆಗೆ ಅರ್ಜಿ ಹಾಕೋಕೆ ಕೊನೇ ದಿನ ಯಾವತ್ತೇ?”

ನನಗೆ ಗೊತ್ತಿರಲಿಲ್ಲ. ಆದರೆ ಬಾಗಿಲ ಮುಂದಿನ ಆ ಪೋಲೆಂಡನ್ನು ಅಂದು ಸಂಜೆಯವರೆಗೂ ಯಾರಿಗೂ ತುಳಿಯಲು ಬಿಡಲಿಲ್ಲ.